ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಜೋಡಿ: ಸುಂಟಿಕೊಪ್ಪದ ಒಂದು ಮನೆಯಿಂದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಔಷಧಿಗೆ ಐದಕ್ಕೆ ನಾಲ್ಕೂವರೆ. ಅದನ್ನು ಕೊಡಗಿನವರೆಗೆ ತಲುಪಿಸುವ ವ್ಯವಸ್ಥೆಗೆ ಎರಡು. ಡಬ್ಬಿಯ ಜೊತೆ ಬರುವ ಮಾಹಿತಿಗೆ ಒಂದೂವರೆ.

ಡಾಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಎರಡೂ ನೊವಾರ್ಟಿಸ್ ಕಂಪನಿಯವು. ಮೊದಲನೆಯದು ಕ್ಯಾಪ್ಸೂಲ್, ಎರಡನೆಯದು ಮಾತ್ರೆ. ಎರಡನ್ನೂ ಒಟ್ಟಿಗೇ ಬರೆದುಕೊಡುತ್ತಾರೆ. ಬಿ-ರಾಫ್ ಎಂಬ ಜೀನಿನಲ್ಲಿ ವಿ600ಇ ಅನ್ನುವ ಒಂದು ಬದಲಾವಣೆ ಆಗಿ, ಅದರಿಂದಲೇ ಬೆಳೆಯುವ ಕ್ಯಾನ್ಸರಿಗೆ ಇದು. ನಮ್ಮತ್ತೆಗೆ ಶ್ವಾಸಕೋಶದ ಕ್ಯಾನ್ಸರ್. ಬೀಡಿ ಸಿಗರೇಟು ಮುಟ್ಟಿದವರಲ್ಲ. ತೋಟ, ಕಣ, ಅಡುಗೆಮನೆ, ಇಷ್ಟರಲ್ಲೇ ಜೀವನ ಕಳೆದವರು. ಮಳೆಗಾಲದಲ್ಲಿ ಹಿಡಿದ ಕೆಮ್ಮು ಕಾಫಿ ಕುಯ್ಲು ಮುಗಿದರೂ ಬಿಡಲಿಲ್ಲ. ಹಾಗೆ ಶುರುವಾಯಿತು ನಮ್ಮ ಓಡಾಟ.

ಕ್ಯಾನ್ಸರ್ ಔಷಧಿಗೆ ಯಾರಾದರೂ ರಿವ್ಯೂ ಬರೆಯುತ್ತಾರಾ ಅಂತ ನಮ್ಮನೆಯವರು ಕೇಳಿದರು. ಯಾಕೆ ಬರೆಯಬಾರದು? ಮಿಕ್ಸಿಗೆ, ಕಳೆ ಕೊಚ್ಚುವ ಮಿಷನ್ನಿಗೆ ನೂರಾರು ಜನ ಬರೆಯುತ್ತಾರೆ. ಈ ಔಷಧಿ ಮನೆಗೆ ಬಂದ ರಾತ್ರಿ ನಾನು ಕನ್ನಡದಲ್ಲಿ ಹುಡುಕಿದೆ. ಇದನ್ನು ಮನೆಯಲ್ಲಿಟ್ಟುಕೊಂಡು ದಿನ ದೂಡುವವರು ಬರೆದದ್ದು ನನಗೆ ಸಿಗಲಿಲ್ಲ. ಅದಕ್ಕೇ ಇದು. ನಾನು ಡಾಕ್ಟರ್ ಅಲ್ಲ, ಡೋಸ್ ವಿಷಯ ನಿಮ್ಮ ಡಾಕ್ಟರೇ ಹೇಳಬೇಕು. ಮನೆಯಲ್ಲಿ ಏನೇನು ಆಗುತ್ತದೆ ಅನ್ನುವುದನ್ನು ಮಾತ್ರ ನಾನು ಹೇಳಬಲ್ಲೆ.

ಔಷಧಿಗಿಂತ ಮುಂಚೆ ಟೆಸ್ಟಿನ ಮಾತು. ಈ ಜೋಡಿ ಎಲ್ಲರಿಗೂ ಅಲ್ಲ. ಬಿ-ರಾಫ್ ವಿ600ಇ ಇದ್ದವರಿಗೆ ಮಾತ್ರ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇದು ನೂರರಲ್ಲಿ ಒಬ್ಬಿಬ್ಬರಿಗೆ ಇರುತ್ತದೆ, ಅಷ್ಟೇ. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಾದರೆ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಬಿ-ರಾಫ್ ಕೆಟ್ಟಿರುತ್ತದೆ. ಈ ಬದಲಾವಣೆಯನ್ನು ಮೊದಲು ಪತ್ತೆ ಮಾಡಿದ್ದು 2002ರಲ್ಲಿ. ಆ ಜೀನ್ ತಯಾರಿಸುವ ಪ್ರೋಟೀನಿನಲ್ಲಿ 600ನೇ ಜಾಗದಲ್ಲಿ ವ್ಯಾಲಿನ್ ಇರಬೇಕಿತ್ತು, ಗ್ಲುಟಾಮಿಕ್ ಆಮ್ಲ ಬಂದು ಕೂತಿರುತ್ತದೆ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಜೀವಕೋಶಕ್ಕೆ ಬೆಳೆ, ಬೆಳೆ ಅಂತ ಸದಾ ಆಜ್ಞೆ ಹೋಗುತ್ತಲೇ ಇರುತ್ತದೆ.

ಹಾಗಾಗಿ ಯಾರ ಮನೆಯಲ್ಲಾದರೂ ಶ್ವಾಸಕೋಶದ ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಬಂದರೆ, ಜೀನ್ ಟೆಸ್ಟಿಗೆ ಕೊಟ್ಟಿದ್ದೀರಾ, ಯಾವ ಯಾವ ಜೀನಿಗೆ ಕೊಟ್ಟಿದ್ದೀರಿ ಅಂತ ಬಾಯಿಬಿಟ್ಟು ಕೇಳಿ. ದುಡ್ಡು ಉಳಿಯಲಿ ಅಂತ ಒಂದೊಂದೇ ಜೀನ್ ನೋಡುತ್ತಾ ಹೋದರೆ ಬಯಾಪ್ಸಿಯಲ್ಲಿ ತೆಗೆದ ತುಂಡು ಮಧ್ಯದಲ್ಲೇ ಖಾಲಿಯಾಗಿಬಿಡುವುದುಂಟು. ಆಮೇಲೆ ಮತ್ತೆ ಸೂಜಿ, ಮತ್ತೆ ಮೈಸೂರು. ಎನ್‌ಜಿಎಸ್ ಅಂತ ಒಂದು ಟೆಸ್ಟ್ ಇದೆ, ಇಜಿಎಫ್‌ಆರ್, ಆಲ್ಕ್, ರೋಸ್-1, ಬಿ-ರಾಫ್ ಎಲ್ಲವನ್ನೂ ಒಂದೇ ಸಲಕ್ಕೆ ನೋಡುತ್ತದೆ. ಖರ್ಚು ಜಾಸ್ತಿ ನಿಜ. ರಿಪೋರ್ಟಿಗೆ ವಾರಗಟ್ಟಲೆ ಕಾಯಬೇಕು, ಆ ಕಾಯುವ ದಿನಗಳು ಬಹಳ ಕಷ್ಟ. ಆದರೂ ಮಾಡಿಸಿ. ಸಿಕ್ಕಿದ ಔಷಧಿ ಶುರು ಮಾಡಿ ಆಮೇಲೆ ಜೀನ್ ನೋಡೋಣ ಅನ್ನುವುದಕ್ಕಿಂತ, ತಡೆದುಕೊಳ್ಳಲು ಆಗುವಷ್ಟು ರೋಗಿ ಗಟ್ಟಿಯಾಗಿದ್ದರೆ ರಿಪೋರ್ಟ್ ನೋಡಿಯೇ ಶುರು ಮಾಡುವುದು ಒಳ್ಳೆಯದು ಅಂತ ನಮ್ಮ ಡಾಕ್ಟರ್ ಹೇಳಿದರು. ಅವರ ಮಾತು ಕೇಳಿದ್ದು ನಮಗೆ ಒಳ್ಳೆಯದೇ ಆಯಿತು.

ಒಂದೇ ಔಷಧಿ ಸಾಲದಾ, ಎರಡು ಯಾಕೆ ಅಂತ ಅತ್ತೆಯೇ ಡಾಕ್ಟರನ್ನು ಕೇಳಿದರು. ಡಾಕ್ಟರ್ ಕಾಗದದ ಮೇಲೆ ಬರೆದು ತೋರಿಸಿದರು. ಜೀವಕೋಶದೊಳಗೆ ಬೆಳೆಯುವ ಆಜ್ಞೆ ರಾಸ್, ರಾಫ್, ಮೆಕ್, ಎರ್ಕ್ ಅಂತ ಒಂದರ ಕೈಯಿಂದ ಒಂದಕ್ಕೆ ದಾಟುತ್ತಾ ಹೋಗುತ್ತದೆ. ಡಾಬ್ರಾಫೆನಿಬ್ ರಾಫ್ ಹತ್ತಿರ ತಡೆಯುತ್ತದೆ. ಟ್ರಾಮೆಟಿನಿಬ್ ಅದರ ಕೆಳಗಿನ ಮೆಕ್ ಹತ್ತಿರ ತಡೆಯುತ್ತದೆ. ಮನೆಗೆ ಬಂದಮೇಲೆ ಅತ್ತೆ ಅದನ್ನು ತಮ್ಮದೇ ರೀತಿಯಲ್ಲಿ ಮಾವನಿಗೆ ವಿವರಿಸಿದರು: "ತೋಡಿಗೆ ಮೇಲೆ ಒಂದು ಕಟ್ಟ ಹಾಕಿದ್ರೆ ನೀರು ಬದಿಯಿಂದ ಕೊರೆದುಕೊಂಡು ಬಂದು ಮತ್ತೆ ತೋಡಿಗೇ ಸೇರ್ತದಲ್ಲ, ಅದಕ್ಕೆ ಕೆಳಗೂ ಒಂದು ಕಟ್ಟ ಹಾಕಿದ್ದಾರೆ." ಇದಕ್ಕಿಂತ ಸರಿಯಾಗಿ ನಾನು ಹೇಳಲಾರೆ. ಮೇಲೆ ಮಾತ್ರ ತಡೆದರೆ ಕ್ಯಾನ್ಸರ್ ಕೆಲವು ತಿಂಗಳಲ್ಲಿ ಬೇರೆ ದಾರಿ ಹುಡುಕಿಕೊಂಡು ಮೆಕ್ ಅನ್ನು ಮತ್ತೆ ಎಬ್ಬಿಸುತ್ತದೆ.

ಇನ್ನೊಂದು ವಿಷಯ ನನಗೆ ಆಶ್ಚರ್ಯವಾದದ್ದು. ಎರಡು ಔಷಧಿ ಅಂದರೆ ತೊಂದರೆಯೂ ಎರಡರಷ್ಟು ಅಂತ ನಾವೆಲ್ಲ ಹೆದರಿದ್ದೆವು. ಆದರೆ ರಾಫ್ ತಡೆಯುವ ಔಷಧಿ ಒಂದನ್ನೇ ಕೊಟ್ಟರೆ, ಜೀನ್ ಕೆಡದೆ ಇರುವ ಒಳ್ಳೆಯ ಚರ್ಮದ ಕೋಶಗಳಲ್ಲಿ ಅದೇ ದಾರಿ ಉಲ್ಟಾ ಚುರುಕಾಗಿ ಅಲ್ಲಿ ಹೊಸ ಗಡ್ಡೆ ಏಳುವುದಿದೆ. ಮೆಕ್ ತಡೆಯುವುದನ್ನು ಸೇರಿಸಿದರೆ ಇದು ಕಡಿಮೆಯಾಗುತ್ತದೆ. ಮೆಲನೋಮ ರೋಗಿಗಳ ಒಂದು ದೊಡ್ಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ರಾಫ್ ತಡೆಯುವ ಇನ್ನೊಂದು ಔಷಧಿ ವೆಮುರಾಫೆನಿಬ್ ಒಂದನ್ನೇ ತಗೊಂಡವರಲ್ಲಿ ನೂರಕ್ಕೆ 18 ಜನರಿಗೆ ಇಂಥ ಚರ್ಮದ ಗಡ್ಡೆ ಬಂತು. ಈ ಜೋಡಿ ತಗೊಂಡವರಲ್ಲಿ ನೂರಕ್ಕೆ ಒಬ್ಬರಿಗೆ. ಜ್ವರ ಮಾತ್ರ ಜೋಡಿಯಲ್ಲೇ ಜಾಸ್ತಿ, ಅದರ ಕಥೆ ಮುಂದೆ ಬರುತ್ತದೆ.

ಈಗ ದಿನಚರಿ. ಕಾಗದದ ಮೇಲೆ ಬಹಳ ಸುಲಭ ಕಾಣುತ್ತದೆ. ಡಾಬ್ರಾಫೆನಿಬ್ 75 ಮಿಲಿಗ್ರಾಂನ ಎರಡು ಕ್ಯಾಪ್ಸೂಲ್ ಬೆಳಿಗ್ಗೆ, ಎರಡು ಸಂಜೆ, ನಡುವೆ ಹನ್ನೆರಡು ಗಂಟೆ. ಟ್ರಾಮೆಟಿನಿಬ್ 2 ಮಿಲಿಗ್ರಾಂ ದಿನಕ್ಕೆ ಒಂದೇ ಸಲ, ಬೆಳಗಿನ ಅಥವಾ ಸಂಜೆಯ ಕ್ಯಾಪ್ಸೂಲ್ ಜೊತೆ. ಎಲ್ಲವೂ ಖಾಲಿ ಹೊಟ್ಟೆಯಲ್ಲಿ. ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲವೇ ಊಟವಾಗಿ ಎರಡು ಗಂಟೆ ಕಳೆದ ಮೇಲೆ.

ಕಾಫಿ ಬೆಳೆಯುವ ಮನೆಯಲ್ಲಿ ಇದನ್ನು ಪಾಲಿಸಿ ನೋಡಿ! ಅತ್ತೆ ಎದ್ದ ಕೂಡಲೇ ಮೊದಲ ಕೆಲಸ ಹಾಲು ಹಾಕಿದ ಬೆಲ್ಲದ ಕಾಫಿ. "ಕಾಫಿ ಕುಡೀದೆ ಬೆಳಗಾಗೋದು ಹೇಗಮ್ಮ?" ಅಂತ ನನ್ನನ್ನೇ ಕೇಳಿದರು. ಕೊನೆಗೆ ನಾವು ಹೊಂದಿಸಿಕೊಂಡದ್ದು ಹೀಗೆ. ಬೆಳಿಗ್ಗೆ ಆರಕ್ಕೆ ಎದ್ದು ಬರೀ ನೀರಿನಲ್ಲಿ ಔಷಧಿ. ಏಳು ಗಂಟೆಗೆ ಕಾಫಿ, ಆಮೇಲೆ ಅಕ್ಕಿರೊಟ್ಟಿಯೋ ನೂಲ್‌ಪುಟ್ಟೋ. ಸಂಜೆಯ ಕಾಫಿ, ಕುರುಕು ತಿಂಡಿ ಎಲ್ಲ ನಾಲ್ಕರ ಒಳಗೆ. ಆರಕ್ಕೆ ಮತ್ತೆ ಕ್ಯಾಪ್ಸೂಲ್. ರಾತ್ರಿ ಊಟ ಏಳರ ನಂತರ. ಮನೆಗೆ ನೆಂಟರು ಬಂದರೆ, ಮದುವೆ ಮನೆಗೆ ಹೋದರೆ ಈ ಲೆಕ್ಕ ತಪ್ಪುತ್ತದೆ. ಹಾಗಾಗಿ ಫೋನಿನಲ್ಲಿ ಅಲಾರಂ ಇಟ್ಟಿದ್ದೇವೆ, ಅತ್ತೆಯ ಫೋನಿನಲ್ಲೂ, ನನ್ನ ಫೋನಿನಲ್ಲೂ. ಒಂದು ಹೊತ್ತು ಮರೆತರೆ ಏನು ಮಾಡಬೇಕು ಅನ್ನುವುದೂ ಎರಡಕ್ಕೂ ಬೇರೆ ಬೇರೆ. ಡಾಬ್ರಾಫೆನಿಬ್ ಆದರೆ ಮುಂದಿನ ಹೊತ್ತಿಗೆ ಆರು ಗಂಟೆಗಿಂತ ಕಡಿಮೆ ಇದ್ದಾಗ ಬಿಟ್ಟುಬಿಡಬೇಕು. ಟ್ರಾಮೆಟಿನಿಬ್ ಆದರೆ ಹನ್ನೆರಡು ಗಂಟೆಗಿಂತ ಕಡಿಮೆ ಇದ್ದಾಗ. ಡಬಲ್ ಮಾಡಿ ನುಂಗುವ ಹಾಗಿಲ್ಲ.

ಇನ್ನು ಟ್ರಾಮೆಟಿನಿಬ್ ಸೀಸೆಯ ವಿಷಯ. ಇದರ ಬಗ್ಗೆ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಡಾಬ್ರಾಫೆನಿಬ್ ಮಾಮೂಲಿ ಬೀರುವಿನಲ್ಲಿ ಇಡಬಹುದು. ಟ್ರಾಮೆಟಿನಿಬ್ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರಿನಲ್ಲಿ ಅಲ್ಲ. ಬೆಳಕು ತಾಗಬಾರದು, ತೇವ ತಾಗಬಾರದು. ಸೀಸೆಯೊಳಗೆ ತೇವ ಹೀರುವ ಒಂದು ಸಣ್ಣ ಡಬ್ಬಿ ಇರುತ್ತದೆ, ಅದನ್ನು ಕಸ ಅಂತ ಎಸೆಯಬಾರದು. ವಾರದ ದಿನಗಳ ಹೆಸರಿರುವ ಪ್ಲಾಸ್ಟಿಕ್ ಡಬ್ಬಿಗೆ ಮಾತ್ರೆ ಹಂಚಿಡುವ ಅಭ್ಯಾಸ ಇರುತ್ತದಲ್ವಾ, ಈ ಮಾತ್ರೆಗೆ ಅದು ಬೇಡ. ಅದರದ್ದೇ ಸೀಸೆಯಲ್ಲಿ ಇರಬೇಕು.

ಬೆಂಗಳೂರಿನ ಒಂದು ಅಂಗಡಿಯಿಂದ ತರಿಸಿದಾಗ ಆದದ್ದು ಕೇಳಿ. ಹೆಸರು ಹೇಳುವುದಿಲ್ಲ. ಬಸ್ಸಿಗೆ ಪಾರ್ಸೆಲ್ ಹಾಕಿದ್ದೇವೆ ಮೇಡಂ, ಕುಶಾಲನಗರದಲ್ಲಿ ಇಳಿಸಿಕೊಳ್ಳಿ ಅಂದರು. ನಮ್ಮನೆಯವರು ಹೋಗಿ ತಂದರು. ಕಂದು ಬಣ್ಣದ ಕವರು, ಸುತ್ತಲೂ ರಬ್ಬರ್ ಬ್ಯಾಂಡು. ಒಳಗೆ ಒಂದು ಐಸ್ ಜೆಲ್ ಪ್ಯಾಕೆಟ್ಟು, ಪೂರ್ತಿ ಕರಗಿ ಬೆಚ್ಚಗೆ ಮೆತ್ತಗಾಗಿತ್ತು. ಅದು ಬೆವರಿ ಔಷಧಿಯ ರಟ್ಟಿನ ಡಬ್ಬಿಯ ಒಂದು ಮೂಲೆ ಒದ್ದೆಯಾಗಿ ಬಾಯಿಬಿಟ್ಟಿತ್ತು. ತೇವ ತಾಗಬಾರದು ಅಂತ ಬರೆದಿರುವ ಸಾಲೇ ಒದ್ದೆ. ಫೋನ್ ಮಾಡಿದರೆ "ಏನೂ ಆಗಲ್ಲ ಮೇಡಂ, ಎಲ್ಲರಿಗೂ ಹೀಗೇ ಕಳಿಸೋದು" ಅಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಬ್ಬರ ಜೀವ ಉಳಿಸಲಿ ಅಂತ ಮನೆಯವರು ಸಾಲ ಮಾಡಿ ತರಿಸುವ ಔಷಧಿ, ಅದನ್ನು ಮೀನಿನ ಪ್ಯಾಕೆಟ್ಟಿಗೆ ಕೊಡುವಷ್ಟು ಮರ್ಯಾದೆಯೂ ಕೊಡದೆ ಕಳಿಸುವುದಾ? ಫೋಟೋ ತೆಗೆದು, ಬಿಲ್ಲಿನ ಜೊತೆ ಕಳಿಸಿ, ಜಗಳವಾಡಿ ಬೇರೆ ಸೀಸೆ ಪಡೆದೆವು.

ಈಗ ನಮ್ಮ ಕಡೆಯ ಒಬ್ಬ ಮೆಡಿಕಲ್ ಶಾಪಿನವರೇ ತರಿಸಿಕೊಡುತ್ತಾರೆ. ಥರ್ಮೋಕೋಲ್ ಪೆಟ್ಟಿಗೆ, ಎರಡೂ ಬದಿ ಜೆಲ್, ನಡುವೆ ಪ್ಲಾಸ್ಟಿಕ್ ಕವರಿನಲ್ಲಿ ಸೀಲ್ ಮಾಡಿದ ಡಬ್ಬಿ. ಬಂದ ಕೂಡಲೇ ಫೋನ್. ಎಷ್ಟು ಹೊತ್ತಿಗೆ ಫ್ರಿಜ್ಜಿಗೆ ಇಟ್ಟೆ ಅಂತ ಪೆಟ್ಟಿಗೆಯ ಮೇಲೆ ಪೆನ್ನಿನಲ್ಲಿ ಬರೆದಿಡುತ್ತಾರೆ. ಇವರಿಗೆ ಐದಕ್ಕೆ ಐದು.

ಮಳೆಗಾಲದ ಕರೆಂಟಿನ ಬಗ್ಗೆ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಜುಲೈಯಲ್ಲಿ ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬಿದ್ದರೆ ದಿನಗಟ್ಟಲೆ ಕತ್ತಲೆ. ನಾವು ಫ್ರಿಜ್ಜಿನೊಳಗೆ ಒಂದು ಸಣ್ಣ ಥರ್ಮಾಮೀಟರ್ ಇಟ್ಟಿದ್ದೇವೆ. ತೆರೆಯದ ಸೀಸೆ ಒಂದೇ ಒಂದು ಹೆಚ್ಚಿಗೆ ಇಟ್ಟುಕೊಳ್ಳುತ್ತೇವೆ, ರಾಶಿ ಹಾಕುವುದಿಲ್ಲ. ಐಸ್ ಪ್ಯಾಕ್ ಸದಾ ಫ್ರೀಜರಿನಲ್ಲಿ ರೆಡಿ. ಒಂದು ಸಮಾಧಾನದ ಮಾತು ಏನೆಂದರೆ, ಯುರೋಪಿನಲ್ಲಿ ಕೊಡುವ ಮಾಹಿತಿ ಪ್ರಕಾರ ಸೀಸೆ ಒಮ್ಮೆ ತೆರೆದ ಮೇಲೆ 30 ದಿನ, 30 ಡಿಗ್ರಿ ಮೀರದ ಜಾಗದಲ್ಲಿ ಇಡಬಹುದು. ನಮ್ಮ ಮಳೆಗಾಲಕ್ಕೆ 30 ಡಿಗ್ರಿ ಎಲ್ಲಿಂದ ಬರಬೇಕು! ಆದರೂ ನಿಮ್ಮ ಸೀಸೆಯ ಮೇಲೆ ಏನು ಬರೆದಿದೆ ನೋಡಿ, ಔಷಧಿ ಅಂಗಡಿಯವರನ್ನು ಕೇಳಿಯೇ ಇಡಿ. ಒಂದು ಸೀಸೆ ಹೆಚ್ಚಿಗೆ ಯಾಕೆ ಅಂದರೆ ರಸ್ತೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಂಗಳೂರು ರಸ್ತೆಯೇ ಬಂದ್ ಆದದ್ದು ಮರೆಯಲು ಸಾಧ್ಯವಾ? ರೈಲು ಇಲ್ಲದ ಜಿಲ್ಲೆ ನಮ್ಮದು. ಔಷಧಿ ಮುಗಿಯುವ ದಿನ ಆರ್ಡರ್ ಮಾಡಿದರೆ ಆಗುವುದಿಲ್ಲ.

ಇನ್ನು ಜ್ವರ. ಈ ಜೋಡಿಯ ದೊಡ್ಡ ತಲೆನೋವು ಇದೇ. ಮೇಲೆ ಹೇಳಿದ ಮೆಲನೋಮ ಅಧ್ಯಯನದಲ್ಲಿ ಜೋಡಿ ತಗೊಂಡವರಲ್ಲಿ ನೂರಕ್ಕೆ 53 ಜನರಿಗೆ ಜ್ವರ ಬಂದಿತ್ತು. ಅಂದರೆ ಬರುವುದೇ ಜಾಸ್ತಿ. ಸುಮ್ನೆ ಮೈ ಬಿಸಿಯಾಗುವುದಲ್ಲ. ಅತ್ತೆಗೆ ಮೊದಲ ಸಲ ಬಂದಾಗ ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಎದ್ದು ನಿಲ್ಲಲು ಹೋದರೆ ತಲೆಸುತ್ತು.

ನಿಯಮ ನೇರ ಇದೆ. 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿತೋ, ಎರಡೂ ಔಷಧಿ ನಿಲ್ಲಿಸಬೇಕು. ಡಾಕ್ಟರಿಗೆ ಫೋನ್ ಮಾಡಬೇಕು. ಜ್ವರ ಪೂರ್ತಿ ಬಿಟ್ಟು ಕನಿಷ್ಠ 24 ಗಂಟೆ ಕಳೆದ ಮೇಲೆ, ಅವರು ಹೇಳಿದ ಹಾಗೆ ಮತ್ತೆ ಶುರು. ಕೇಳಲು ವಿಚಿತ್ರ ಅನಿಸುತ್ತದೆ. ಕ್ಯಾನ್ಸರ್ ಔಷಧಿ ನಿಲ್ಲಿಸಿದರೆ ಕ್ಯಾನ್ಸರ್ ಬೆಳೆಯುವುದಿಲ್ಲವಾ ಅಂತ ಅತ್ತೆಗೆ ಭಯ. ಜ್ವರ ಇದೆ ಅಂತ ನನಗೆ ಹೇಳದೆ ಕ್ಯಾಪ್ಸೂಲ್ ನುಂಗಿಬಿಡುವ ಆಲೋಚನೆ ಅವರಿಗಿತ್ತು. ಡಾಕ್ಟರ್ ಫೋನಿನಲ್ಲೇ ಹೇಳಿದರು, ಸ್ವಲ್ಪ ಹೊತ್ತು ನಿಲ್ಲಿಸುವುದರಿಂದ ಹಾಳಾಗುವುದಿಲ್ಲ, ನಿಲ್ಲಿಸದೆ ಜ್ವರ ಏರಿ ಬಿಪಿ ಇಳಿದು ಕಿಡ್ನಿಗೆ ಪೆಟ್ಟಾದರೆ ಆಗ ಬಹಳ ದಿನ ನಿಲ್ಲಿಸಬೇಕಾಗುತ್ತದೆ ಅಂತ. ಆಮೇಲೆ ಒಪ್ಪಿದರು. ಮತ್ತೆ ಮತ್ತೆ ಜ್ವರ ಬಂದಾಗ ಡಾಬ್ರಾಫೆನಿಬ್ ಡೋಸ್ ಇಳಿಸಿದರು, 75ರ ಬದಲು 50ರ ಎರಡು ಕ್ಯಾಪ್ಸೂಲ್. ಕೆಲವರಿಗೆ ಸ್ಟೀರಾಯ್ಡ್ ಕೊಡುವುದೂ ಇದೆಯಂತೆ, ನಮಗೆ ಬೇಕಾಗಲಿಲ್ಲ.

ನಮ್ಮ ಊರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಜ್ವರ ಬಂದರೆ ಎಲ್ಲರೂ ಹೇಳುವುದು "ಮಳೆ ಜ್ವರ, ಕಷಾಯ ಕುಡೀರಿ." ಡೆಂಗ್ಯೂ ಇದೆ, ಇಲಿ ಜ್ವರ ಇದೆ. ಔಷಧಿಯ ಜ್ವರವೋ, ಸೊಂಕಿನ ಜ್ವರವೋ ನೋಡಿದರೆ ಗೊತ್ತಾಗುವುದಿಲ್ಲ. ರಕ್ತ ಪರೀಕ್ಷೆ ಮಾಡಲೇಬೇಕು. ಹತ್ತಿರದ ಆಸ್ಪತ್ರೆಗೆ ರಾತ್ರಿ ಹೊತ್ತು ಹೋದಾಗ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಿಗೆ ಈ ಔಷಧಿಗಳ ಹೆಸರು ಹೊಸದು. ಅವರ ತಪ್ಪಲ್ಲ, ದಿನಾ ಬರುವ ಔಷಧಿ ಅಲ್ಲ ಇದು. ಆದರೆ ಆ ಹುಡುಗಿ ಒಳ್ಳೆಯ ಕೆಲಸ ಮಾಡಿದರು. ನಮ್ಮ ಡಾಕ್ಟರಿಗೆ ನೇರ ಫೋನ್ ಹಚ್ಚಿ ಕೇಳಿಕೊಂಡೇ ಡ್ರಿಪ್ ಹಾಕಿದರು. ಅದಾದಮೇಲೆ ನಾನು ಒಂದು ಚೀಟಿ ಬರೆದು ಲ್ಯಾಮಿನೇಷನ್ ಮಾಡಿಸಿದೆ. ಮೇಲೆ ಅತ್ತೆಯ ಕಾಯಿಲೆ, ಎರಡು ಔಷಧಿಗಳ ಹೆಸರು, ಡೋಸ್. ಕೆಳಗೆ, ಜ್ವರ 100.4 ದಾಟಿದರೆ ಎರಡನ್ನೂ ನಿಲ್ಲಿಸಿ, ಸೊಂಕು ಇದೆಯಾ ನೋಡಿ, ಈ ನಂಬರಿಗೆ ಫೋನ್ ಮಾಡಿ. ಒಂದು ಬದಿ ಇಂಗ್ಲಿಷ್, ಒಂದು ಬದಿ ಕನ್ನಡ. ನಮ್ಮ ಡಾಕ್ಟರಿಗೆ ತೋರಿಸಿ ಸರಿ ಮಾಡಿಸಿಕೊಂಡದ್ದು. ಡಬ್ಬಿಯ ಜೊತೆ ಬರುವ ಮಾಹಿತಿಗೆ ನಾನು ಒಂದೂವರೆ ಕೊಟ್ಟದ್ದು ಇದಕ್ಕೇ. ಅಷ್ಟುದ್ದದ ಇಂಗ್ಲಿಷ್ ಹಾಳೆಯಲ್ಲಿ ಎಲ್ಲವೂ ಇದೆ. ಆದರೆ ಮಧ್ಯರಾತ್ರಿ ಚಳಿಯಲ್ಲಿ ನಡುಗುವ ಹೆಂಗಸಿನ ಪಕ್ಕ ಕೂತವರಿಗೆ ಬೇಕಾದ ನಾಲ್ಕು ಸಾಲು ಕನ್ನಡದಲ್ಲಿ ಇಲ್ಲ.

ಮದ್ದು ಸೊಪ್ಪಿನ ವಿಷಯ ಕೊಡಗಿನವರಿಗಾಗಿ ಹೇಳಲೇಬೇಕು. ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ, ಆಗಸ್ಟ್ ಮೊದಲ ವಾರದಲ್ಲಿ, ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಇಲ್ಲಿ ಕಡಿಮೆ. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತದೆ ಅಂತ ಹಿರಿಯರ ನಂಬಿಕೆ. ಅತ್ತೆಗೆ ತಿನ್ನುವ ಆಸೆ. ನಾನು ಡಾಕ್ಟರನ್ನು ಕೇಳಿದೆ. ಅವರು ಎರಡು ಕಾರಣ ಕೊಟ್ಟರು. ಡಾಬ್ರಾಫೆನಿಬ್ ಲಿವರಿನಲ್ಲಿ ಬೇರೆ ಔಷಧಿಗಳು ಕರಗುವ ವೇಗವನ್ನೇ ಬದಲಾಯಿಸುತ್ತದೆ, ಹಾಗಾಗಿ ಅಳತೆ ಗೊತ್ತಿಲ್ಲದ ಯಾವ ಸೊಪ್ಪು, ಕಷಾಯವೂ ಬೇಡ. ಇನ್ನೊಂದು, ಈ ಔಷಧಿಗಳಿಂದ ಕೆಲವರಿಗೆ ರಕ್ತಸ್ರಾವ ಆಗುವುದುಂಟು. ಮದ್ದು ಸೊಪ್ಪು ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದಲ್ಲ, ಅದು ಸೊಪ್ಪಿನ ಬಣ್ಣವೋ ನಿಜವಾದ ರಕ್ತವೋ ಯಾರು ಹೇಳುತ್ತಾರೆ? ಅತ್ತೆ ಆ ಸಲ ಪಾಯಸ ಮಾಡಿ ನಮಗೆಲ್ಲ ಬಡಿಸಿದರು, ತಾವು ಮುಟ್ಟಲಿಲ್ಲ. ಶುಗರ್, ಬಿಪಿ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರೂ ಅದನ್ನೆಲ್ಲ ಡಾಕ್ಟರಿಗೆ ಮೊದಲೇ ಹೇಳಿ. ವಾರ್ಫರಿನ್‌ನಂಥ ಮಾತ್ರೆಯ ಶಕ್ತಿ ಇದರಿಂದ ಕಡಿಮೆಯಾಗಬಹುದು. ಶುಗರ್ ಏರಬಹುದು.

ತಪಾಸಣೆಗಳು ಸುಮಾರಿವೆ. ಹೃದಯದ ಎಕೋ ಶುರು ಮಾಡುವ ಮುಂಚೆ, ತಿಂಗಳಾದ ಮೇಲೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಟ್ರಾಮೆಟಿನಿಬ್ ಹೃದಯ ಪಂಪ್ ಮಾಡುವ ಬಲ ಇಳಿಸಬಹುದು. ಕಣ್ಣು ಮಂಜಾದರೆ, ಬಣ್ಣದ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ, ವಯಸ್ಸಾಯಿತು ಅಂತ ಬಿಡುವ ಹಾಗಿಲ್ಲ. ಚರ್ಮವನ್ನು ಎರಡು ತಿಂಗಳಿಗೊಮ್ಮೆ ನೋಡುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಪ್ರತಿ ತಪಾಸಣೆಗೂ ಅಲ್ಲಿಗೇ ಹೋಗಬೇಕಾಗಿಲ್ಲ ಅನ್ನುವುದು ನಾವು ಕೇಳಿದ ಮೇಲೆ ಗೊತ್ತಾದದ್ದು. ರಕ್ತ ಪರೀಕ್ಷೆ, ಬಿಪಿ, ಎಕೋ ಇಲ್ಲೇ ಮಾಡಿಸಿ ರಿಪೋರ್ಟ್ ಫೋನಿನಲ್ಲಿ ಕಳಿಸುತ್ತೇವೆ. ಸ್ಕ್ಯಾನಿಗೆ ಮಾತ್ರ ಮೈಸೂರು.

ದುಡ್ಡಿನ ವಿಷಯ. ತುಂಬಾ ದುಬಾರಿ, ಎರಡು ಮಾತಿಲ್ಲ. ಬಿಲ್ಲು ನೋಡಿದಾಗ ಈ ತಿಂಗಳು ಎಷ್ಟು ಚೀಲ ರೊಬಸ್ಟಾ ಅಂತ ಲೆಕ್ಕ ಹಾಕುವುದು ಮಾವನಿಗೆ ಅಭ್ಯಾಸವಾಗಿದೆ. ಮೊದಲ ಡಬ್ಬಿ ಕೊಳ್ಳುವ ಮುಂಚೆಯೇ ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ, ಔಷಧಿ ಕೊಡುವವರಲ್ಲಿ, ಕಂಪನಿಯಿಂದ ರೋಗಿಗಳಿಗೆ ಸಹಾಯದ ಯೋಜನೆ ಏನಿದೆ ಅಂತ ಕೇಳಿ. ಇನ್ಶೂರೆನ್ಸ್ ಇದ್ದರೆ ಮನೆಯಲ್ಲಿ ನುಂಗುವ ಮಾತ್ರೆಗೂ ಕೊಡುತ್ತಾರಾ ಅಂತ ಬರಹದಲ್ಲಿ ಕೇಳಿ, ಅಡ್ಮಿಟ್ ಆದರೆ ಮಾತ್ರ ಅನ್ನುವ ಪಾಲಿಸಿಗಳಿವೆ. 2025ರ ಸೆಪ್ಟೆಂಬರ್ 22ರಿಂದ ಔಷಧಿಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ಕೆಲವು ಜೀವರಕ್ಷಕ ಔಷಧಿಗಳಿಗೆ ಪೂರ್ತಿ ಇಲ್ಲ. ಬಿಲ್ಲಿನಲ್ಲಿ ಆ ಸಾಲು ನೋಡಿಕೊಳ್ಳಿ. ಬೆಂಗಳೂರಿನ ಕಿದ್ವಾಯಿಯಲ್ಲೂ ಒಂದು ಅಭಿಪ್ರಾಯ ತಗೊಳ್ಳಿ, 1973ರಿಂದ ಇರುವ ಕ್ಯಾನ್ಸರ್ ಸಂಸ್ಥೆ ಅದು.

ಇಷ್ಟೆಲ್ಲ ಪಾಡು ಪಟ್ಟು ಏನು ಸಿಕ್ಕಿತು? ಅತ್ತೆಯ ಕೆಮ್ಮು ಕೆಲವೇ ವಾರಗಳಲ್ಲಿ ಇಳಿಯಿತು. ರಾತ್ರಿ ಎರಡು ದಿಂಬು ಒರಗಿ ಕೂತೇ ನಿದ್ದೆ ಮಾಡುತ್ತಿದ್ದವರು ಮಲಗಿ ನಿದ್ದೆ ಮಾಡಿದರು. ಮೊದಲ ಸ್ಕ್ಯಾನಿನಲ್ಲಿ ಗಡ್ಡೆ ಚಿಕ್ಕದಾಗಿತ್ತು. ಮುಂದಿನದ್ದರಲ್ಲಿ ಇನ್ನೂ ಚಿಕ್ಕದು. ಪುತ್ತರಿ ಹಬ್ಬಕ್ಕೆ ತಾವೇ ನಿಂತು ಎಲ್ಲ ಮಾಡಿಸಿದರು. ನನಗೆ ಅದು ಸಾಕು, ನಾಲ್ಕೂವರೆ ಅದಕ್ಕೇ.

ಅರ್ಧ ಯಾಕೆ ಕಡಿತ ಅಂದರೆ, ಇದು ಪೂರ್ತಿ ಗುಣ ಮಾಡುವ ಔಷಧಿ ಅಂತ ನಾನು ಹೇಳಲಾರೆ. ಶ್ವಾಸಕೋಶದ ಕ್ಯಾನ್ಸರಿಗೆ ಅಮೆರಿಕದಲ್ಲಿ 2017ರ ಜೂನಿನಲ್ಲಿ ಈ ಜೋಡಿಗೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಆಧಾರವಾದ ಅಧ್ಯಯನ ಚಿಕ್ಕದು. ಮೊದಲು ಬೇರೆ ಚಿಕಿತ್ಸೆ ಪಡೆದಿದ್ದ 57 ಜನರಲ್ಲಿ 36 ಮಂದಿಗೆ, ಹೊಸದಾಗಿ ಶುರು ಮಾಡಿದ 36 ಜನರಲ್ಲಿ 23 ಮಂದಿಗೆ ಗಡ್ಡೆ ಚೆನ್ನಾಗಿ ಕುಗ್ಗಿತು. ಡಾಬ್ರಾಫೆನಿಬ್ ಒಂದನ್ನೇ ಕೊಟ್ಟಾಗ ಮೂವರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಐದು ವರ್ಷದ ನಂತರ ನೋಡಿದಾಗ ಬದುಕಿದ್ದವರು ಐವರಲ್ಲಿ ಒಬ್ಬರಷ್ಟು. ಮೆಲನೋಮದಲ್ಲಿ ಸ್ವಲ್ಪ ಮೇಲು, 563 ಜನರ ಲೆಕ್ಕದಲ್ಲಿ ಐದು ವರ್ಷಕ್ಕೆ ನೂರಕ್ಕೆ 34. ಈ ಅಂಕಿಗಳನ್ನು ಅತ್ತೆಗೆ ಹೇಳಬೇಕಾ ಬೇಡವಾ ಅಂತ ನಾವು ತಲೆಕೆಡಿಸಿಕೊಂಡಿದ್ದೆವು. ಅವರೇ ಕೇಳಿದರು, ಡಾಕ್ಟರ್ ಹೇಳಿದರು. ಕೇಳಿಸಿಕೊಂಡು, ಮುಂದಿನ ವರ್ಷದ ಕರಿಮೆಣಸು ಬಳ್ಳಿಗೆ ಜಾಗ ಎಲ್ಲಿ ಅಂತ ಮಾವನ ಜೊತೆ ಮಾತಾಡಿದರು.

ನಾಪೋಕ್ಲು ಕಡೆಯ ನೆಂಟರೊಬ್ಬರು ಫೋನ್ ಮಾಡಿದ್ದರು. ಅವರ ಮನೆಯವರಿಗೆ ದೊಡ್ಡ ಕರುಳಿನ ಕ್ಯಾನ್ಸರ್, ರಿಪೋರ್ಟಿನಲ್ಲಿ ಅದೇ ವಿ600ಇ. ಹಾಗಾದರೆ ಇದೇ ಮಾತ್ರೆ ಆಗುತ್ತದಲ್ವಾ ಅಂತ. ಆಗುವುದಿಲ್ಲ. 2022ರಲ್ಲಿ ಅಮೆರಿಕದಲ್ಲಿ ಈ ಜೋಡಿಗೆ ವಿ600ಇ ಇರುವ ಬೇರೆ ಬೇರೆ ಅಂಗಗಳ ಗಡ್ಡೆಗಳಿಗೂ ಒಪ್ಪಿಗೆ ಕೊಟ್ಟರು, ಕರುಳಿನದ್ದನ್ನು ಮಾತ್ರ ಹೊರಗಿಟ್ಟರು. ಕರುಳಿನ ಕ್ಯಾನ್ಸರಿನಲ್ಲಿ ಬಿ-ರಾಫ್ ತಡೆದ ಕೂಡಲೇ ಇಜಿಎಫ್‌ಆರ್ ಎಂಬ ಇನ್ನೊಂದು ದಾರಿ ಜೋರಾಗಿ ಎದ್ದು ಆಜ್ಞೆ ಕಳಿಸುತ್ತದೆ. 2012ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಇದನ್ನು ತೋರಿಸಿದರು. ಹಾಗಾಗಿ ಅಲ್ಲಿ ಜೋಡಿಯೇ ಬೇರೆ, ಎನ್ಕೊರಾಫೆನಿಬ್ ಕ್ಯಾಪ್ಸೂಲ್ ಜೊತೆ ಸೆಟುಕ್ಸಿಮ್ಯಾಬ್ ಡ್ರಿಪ್. ಅದಕ್ಕೆ 2020ರಲ್ಲಿ ಒಪ್ಪಿಗೆ ಸಿಕ್ಕಿದೆ. ರಿಪೋರ್ಟಿನಲ್ಲಿ ಜೀನಿನ ಹೆಸರು ಒಂದೇ ಇದೆ ಅಂತ ಒಬ್ಬರ ಔಷಧಿ ಇನ್ನೊಬ್ಬರಿಗೆ ಕೊಡಬೇಡಿ, ದಯವಿಟ್ಟು.

ಬಿ-ರಾಫ್ ಇಲ್ಲ ಅಂತ ರಿಪೋರ್ಟ್ ಬಂದವರೂ ಬೇಜಾರಾಗಬೇಕಿಲ್ಲ. ನಮ್ಮ ದೇಶದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಇಜಿಎಫ್‌ಆರ್ ಬದಲಾವಣೆ ಬಹಳ ಜಾಸ್ತಿ ಕಾಣುತ್ತದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರೇ 350 ಜನರಲ್ಲಿ ಒಂದು ಅಧ್ಯಯನ ಮಾಡಿದ್ದಾರೆ. ಜೆಫಿಟಿನಿಬ್ ಮಾತ್ರೆ ಒಂದನ್ನೇ ಕೊಟ್ಟವರಲ್ಲಿ ಕಾಯಿಲೆ ಸರಾಸರಿ 8 ತಿಂಗಳು ಹಿಡಿತದಲ್ಲಿತ್ತು. ಅದರ ಜೊತೆ ಕೀಮೋ ಸೇರಿಸಿದವರಲ್ಲಿ 16 ತಿಂಗಳು. ಆದರೆ ಇಲ್ಲಿ ಎರಡು ಸೇರಿದಾಗ ತೊಂದರೆಯೂ ದುಪ್ಪಟ್ಟಾಯಿತು. ತೀವ್ರ ಅಡ್ಡಪರಿಣಾಮ ನೂರಕ್ಕೆ 25 ಇದ್ದದ್ದು 51. ವಯಸ್ಸಾದವರಿಗೆ, ಆಸ್ಪತ್ರೆಯಿಂದ ದೂರ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. ಡಾಕ್ಟರ ಜೊತೆ ಕೂತು ಮಾತಾಡಿ. ಮನೆ ಎಲ್ಲಿದೆ, ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು ಅನ್ನುವುದನ್ನೂ ಅವರಿಗೆ ಹೇಳಿ. ನಾವು ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ.

ಕೊಡಗಿನಲ್ಲಿ ಯಾರಿಗಾದರೂ ಈ ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಜೋಡಿಯನ್ನೇ ಬರೆದುಕೊಟ್ಟಿದ್ದರೆ, ಆ ಲ್ಯಾಮಿನೇಷನ್ ಚೀಟಿಯ ಕನ್ನಡ ಬದಿಯನ್ನು ಕಳಿಸಿಕೊಡುತ್ತೇನೆ, ಕೇಳಿ. ಹೆಸರು, ಡೋಸ್, ಫೋನ್ ನಂಬರಿನ ಜಾಗ ಖಾಲಿ ಬಿಟ್ಟಿದ್ದೇನೆ. ತುಂಬಿದ ಮೇಲೆ ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ, ಅವರ ಸಹಿ ಹಾಕಿಸಿಕೊಳ್ಳಿ. ಸಹಿ ಇದ್ದರೆ ರಾತ್ರಿ ಡ್ಯೂಟಿಯವರು ಬೇಗ ನೋಡುತ್ತಾರೆ.